ನೀರು ತೊಳೆಯುವ ಕೋಣೆ

ಬೀದರಿನಲ್ಲಿ ಗಾಂಧಿ ಗಂಜಿನ ಕಾಳುಕಡಿ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಒಂದು ಸಣ್ಣ ಆಸ್ಪತ್ರೆ ಇತ್ತು. ಅದರ ಮೇಲಿನ ಮಹಡಿಯ ಡಯಾಲಿಸಿಸ್ ವಾರ್ಡಿಗೆ ನೀರು ಸಿದ್ಧಮಾಡಿ ಕೊಡುವುದು ನನ್ನ ಕೆಲಸವಾಗಿತ್ತು. ಕಿಡ್ನಿ ಕೆಟ್ಟವರ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ತೊಳೆದು, ಮತ್ತೆ ಮೈಗೆ ಬಿಡುವ ವಾರ್ಡು ಅದು. ಯಂತ್ರದೊಳಗೆ ರಕ್ತಕ್ಕೂ ನೀರಿಗೂ ನಡುವೆ ಒಂದು ತೆಳ್ಳನೆಯ ಪರದೆ ಮಾತ್ರ ಇರುತ್ತದೆ. ಹಾಗಾಗಿ ನಾವು ನೀವು ಕುಡಿದು ಅರಗಿಸಿಕೊಳ್ಳುವ ನೀರು ಅಲ್ಲಿ ನಡೆಯುವುದಿಲ್ಲ. ಅದರಲ್ಲಿನ ಸುಣ್ಣವನ್ನೂ ಉಪ್ಪನ್ನೂ ತೆಗೆಯಬೇಕು.

ವಾರ್ಡಿನ ಪಕ್ಕದಲ್ಲಿ ಕಿಟಕಿ ಇಲ್ಲದ ಒಂದು ಕೋಣೆ. ನೀರು ಮೊದಲು ಮರಳಿನ ಟ್ಯಾಂಕಿಗೆ, ಅಲ್ಲಿಂದ ಇದ್ದಿಲಿನ ಟ್ಯಾಂಕಿಗೆ, ಆಮೇಲೆ ಗಡಸುತನ ತೆಗೆಯುವ ಟ್ಯಾಂಕಿಗೆ ಹೋಗುತ್ತಿತ್ತು. ಕೊನೆಗೆ ದೊಡ್ಡ ಪಂಪು ಅದನ್ನು ಉದ್ದನೆಯ ಬಿಳಿ ಕೊಳವೆಗಳೊಳಗೆ ಸುತ್ತಿಟ್ಟ ಮೆಂಬ್ರೇನುಗಳಿಗೆ ಒತ್ತಿ ತಳ್ಳುತ್ತಿತ್ತು. ಮೆಂಬ್ರೇನಿನಿಂದ ಸೋಸಿ ಬಂದ ನೀರು ಒಂದು ಪೈಪಿನಲ್ಲಿ ವಾರ್ಡಿಗೆ ಹೋದರೆ, ಉಪ್ಪನ್ನೆಲ್ಲ ಹೊತ್ತ ನೀರು ಇನ್ನೊಂದು ಪೈಪಿನಲ್ಲಿ ಹೊರಗೆ ಮೋರಿಗೆ ಬೀಳುತ್ತಿತ್ತು. ಬೆಳಿಗ್ಗೆ ಬೇಗ ಹೋಗಿ ಇದೆಲ್ಲವನ್ನೂ ತೊಳೆದು, ಪರೀಕ್ಷಿಸಿ, ವಾರ್ಡಿನ ನರ್ಸಮ್ಮನಿಗೆ 'ನೀರು ಬರೋಬ್ಬರಿ ಅದಾವ್ರಿ' ಎಂದು ಹೇಳಿದ ಮೇಲೆಯೇ ಯಂತ್ರಗಳು ಶುರುವಾಗುತ್ತಿದ್ದವು. ಕೆಲವು ವರ್ಷ ಇದು ನನಗೆ ಬರೀ ನೌಕರಿಯಾಗಿತ್ತು. ಆಮೇಲೆ ಅಕ್ಕನೇ ಆ ವಾರ್ಡಿಗೆ ಬಂದಳು.

ಅಕ್ಕ ಭಾಲ್ಕಿಯಲ್ಲಿ ಇದ್ದಳು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಬಾಡಿಗೆ ಮನೆ, ಮುಂಬಾಗಿಲಲ್ಲೇ ಹೊಲಿಗೆ ಯಂತ್ರ. ಸಾಲಿ ಶುರುವಾಗುವ ಮುಂಚೆ ಮಕ್ಕಳ ಯೂನಿಫಾರಂ ಹೊಲಿಯುವವರಲ್ಲಿ ಆಕೆಯದೇ ಕೈ ಎಂದು ಆ ಕಡೆ ಹೆಸರಿತ್ತು. ಆಕೆಯ ಗಂಡ, ನಾನು ಮಾಮಾ ಎಂದು ಕರೆಯುತ್ತಿದ್ದವನು, ಬೇಳೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮಕ್ಕಳಿರಲಿಲ್ಲ. ಕಾಲು ಊದುವುದು, ಊಟ ಸೇರದಿರುವುದು ಎಂದು ವರ್ಷಗಟ್ಟಲೆ ಸಣ್ಣಪುಟ್ಟ ಗುಳಿಗೆ ನುಂಗಿಕೊಂಡಿದ್ದವಳನ್ನು ಕೊನೆಗೆ ನಾನೇ ನಮ್ಮ ಡಾಕ್ಟರ ಹತ್ತಿರ ಕರೆತಂದೆ. ಎರಡೂ ಕಿಡ್ನಿ ಹೋಗಿದ್ದವು. ಮೊದಮೊದಲು ಗಂಡ ಹೆಂಡತಿ ಇಬ್ಬರೂ ಭಾಲ್ಕಿಯಿಂದ ರೈಲಿನಲ್ಲಿ ಬರುತ್ತಿದ್ದರು. ಆಕೆ ಒಳಗೆ ಮಲಗಿದ್ದಷ್ಟು ಹೊತ್ತು ಮಾಮಾ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದ. ಅವನು ಮಾತು ಕಡಿಮೆಯ ಮನುಷ್ಯ.

ಆಮೇಲೆ ಮಳೆ ಹೋಯಿತು. ಒಂದು ವರ್ಷ ಹೋಯಿತು, ಮರುವರ್ಷವೂ ಹೋಯಿತು. ತೊಗರಿ, ಉದ್ದು ಬಾರದೆ ಗಂಜಿನಲ್ಲಿ ಹಮಾಲರು ಕೈಗಾಡಿಯ ಮೇಲೆಯೇ ಮಲಗಿರುತ್ತಿದ್ದರು. ನಾನು ಗಡಸುತನ ತೆಗೆಯುವ ಟ್ಯಾಂಕು ತೊಳೆಯಲು ಹರಳುಪ್ಪಿನ ಚೀಲ ಒಯ್ಯಲು ಅಲ್ಲಿಗೆ ಹೋದರೆ, ಒಂದು ಚೀಲ ಎತ್ತಲು ನಾಲ್ಕು ಜನ ಎದ್ದು ಬರುತ್ತಿದ್ದರು. ಭಾಲ್ಕಿಯ ಬೇಳೆ ಮಿಲ್ಲೂ ನಿಂತಿತು. ಮಾಮಾ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೊರಟ. ಆ ದಿನ ಅವನು ಅಕ್ಕನನ್ನು ನಮ್ಮ ಮನೆಗೆ ತಂದು ಬಿಟ್ಟು, ನನ್ನ ಹೆಂಡತಿಯ ಮುಂದೆ ಕೈಮುಗಿದ. ಆಕೆ ಗಾಬರಿಯಾಗಿ ಅವನ ಕೈ ಹಿಡಿದು ಕೆಳಗಿಳಿಸಿದಳು. ಹೊಲಿಗೆ ಯಂತ್ರವನ್ನೂ ಅವನು ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದ. ಅಕ್ಕ ಅದನ್ನು ನೋಡಿ, "ಇದ್ಯಾಕ ತಂದ್ರಿ, ನಾ ಇಲ್ಲೇ ಇರ್ಲಾಕ ಬಂದೀನೇನು?" ಎಂದಳು. ಅವನು ಯಂತ್ರವನ್ನು ಹೊತ್ತು ಒಳಗಿಟ್ಟ.

ಆ ಬೇಸಿಗೆಯಲ್ಲಿ ಬೀದರಿನ ಓಣಿಗಳಲ್ಲಿ ಟ್ಯಾಂಕರು ಬಂದರೆ ಸಾಕು, ಕೊಡ ಹಿಡಿದವರು ಓಡುತ್ತಿದ್ದರು. ನಮ್ಮ ಮನೆಯಲ್ಲಿ ನೀರಿಗಾಗಿ ಕೂಗಾಡದೆ ಸುಮ್ಮನಿದ್ದವಳು ಅಕ್ಕ ಒಬ್ಬಳೇ. ಡಯಾಲಿಸಿಸ್ ಮೇಲಿರುವವರ ಮೈಯಿಂದ ನೀರು ಹೊರಹೋಗುವುದಿಲ್ಲ. ಕುಡಿದದ್ದೆಲ್ಲ ಒಳಗೇ ನಿಂತು ಕಾಲಿಗೆ, ಮುಖಕ್ಕೆ, ಎದೆಗೆ ಬರುತ್ತದೆ. ಅದಕ್ಕೆ ಆಕೆಗೆ ಇಡೀ ದಿನಕ್ಕೆ ಒಂದು ಸಣ್ಣ ಚೊಂಬು ನೀರಿನ ಮಿತಿ. ಅದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು, ಮುಚ್ಚಳದಲ್ಲಿ ಬಗ್ಗಿಸಿ ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದಳು. ಜಗತ್ತಿನಲ್ಲಿ ಸಿಗುವ ಅತಿ ಶುದ್ಧ ನೀರನ್ನು ದಿನಾ ಮಾಡುತ್ತಿದ್ದವನು ನಾನು. ಆಕೆ "ಜರಾ ಕೊಡೋ" ಎಂದಾಗ ಇಲ್ಲ ಎನ್ನಬೇಕಾಗಿದ್ದವನೂ ನಾನೇ.

ಒಮ್ಮೆ ಆಕೆ ನನ್ನ ಕೋಣೆ ನೋಡಬೇಕೆಂದಳು. ಒಳಗೆ ಬಂದು ಪಂಪಿನ ಸದ್ದಿಗೆ ಕಿವಿ ಮುಚ್ಚಿಕೊಂಡು, ಒಂದೊಂದೇ ಟ್ಯಾಂಕು ತೋರಿಸಿ ಕೇಳಿದಳು. ನಾನು ಹೇಳಿದ್ದೆಲ್ಲ ಕೇಳಿ, "ನೀರಿಲೆ ಎಲ್ಲಾ ತೊಳೀತೇವಿ. ನೀರಿಗೂ ತೊಳೀತಾರಂತ ನನಗ ಗೊತ್ತೇ ಇರಲಿಲ್ಲ ನೋಡು," ಎಂದಳು. ಆವತ್ತಿನಿಂದ ಫೋನಿನಲ್ಲಿ ಮಾಮಾನ ಜೊತೆ ಮಾತಾಡುವಾಗೆಲ್ಲ ಆ ಕೋಣೆಯ ಸುದ್ದಿಯೇ.

ಅಕ್ಕನ ಪಕ್ಕದ ಹಾಸಿಗೆಯಲ್ಲಿ ಔರಾದ ಕಡೆಯ ಒಬ್ಬ ಮುದುಕ ಮಲಗುತ್ತಿದ್ದ. ಮಹಾರಾಷ್ಟ್ರದ ಗಡಿಗೆ ಹತ್ತಿದ ಹಳ್ಳಿಯವನು, ಕುರಿ ಕಾಯುವವನು. ಹೆಂಡತಿ ತೀರಿಕೊಂಡಿದ್ದಳು. ಮಗ ಸೊಸೆ ಹೈದರಾಬಾದಿಗೆ ದುಡಿಯಲು ಹೋಗಿದ್ದರು. ಕುರಿಗಳನ್ನು ಯಾರಿಗೋ ಒಪ್ಪಿಸಿ, ಒಬ್ಬನೇ ಬಸ್ಸು ಹತ್ತಿ ಬರುತ್ತಿದ್ದ. ಕಂಬಳಿ ಬಿಟ್ಟು ಮಲಗುತ್ತಿರಲಿಲ್ಲ, ನರ್ಸಮ್ಮ ಬೈದರೂ ಅದನ್ನು ಕಾಲ ಮೇಲೆ ಎಳೆದುಕೊಳ್ಳುತ್ತಿದ್ದ. ಅಕ್ಕ ಅವನನ್ನು ಕಾಕಾ ಎನ್ನುತ್ತಿದ್ದಳು, ನಾನೂ ಹಾಗೇ ಕರೆದೆ. ಯಂತ್ರಕ್ಕೆ ಕೈ ಕೊಟ್ಟು ಅಲ್ಲಾಡದೆ ಮಲಗಿದ ಅಷ್ಟೂ ಹೊತ್ತು ಅವರಿಬ್ಬರೂ ಮಾತಾಡುತ್ತಿದ್ದರು. ಯಾವ ಕುರಿ ಕುಂಟುತ್ತಿದೆ, ಯಾವುದು ಮೇವಿಲ್ಲದೆ ಉಣ್ಣೆ ಉದುರಿಸುತ್ತಿದೆ ಎಂಬುದು ಮನೆಗೆ ಬಂದು ಅಕ್ಕ ಹೇಳುವ ಸುದ್ದಿಯಾಗಿತ್ತು.

ಒಂದು ದಿನ ಕಾಕಾ ಬಸ್ಸಿಗೆ ಹೊರಡುವಾಗ ಹಿತ್ತಲಿನ ಬಾಗಿಲಲ್ಲಿ ನಿಂತುಬಿಟ್ಟ. ಅಲ್ಲಿ ನನ್ನ ಪೈಪಿನಿಂದ ನೀರು ಮೋರಿಗೆ ಬೀಳುತ್ತಿತ್ತು. ಅದು ಎಲ್ಲಿಯ ನೀರು ಎಂದು ಕೇಳಿದ. ಒಂದು ಪಾಲು ಶುದ್ಧವಾಗಬೇಕಾದರೆ ಇನ್ನೊಂದು ಪಾಲು ಹೊಲಸು ಹೊತ್ತುಕೊಂಡು ಹೊರಗೆ ಹೋಗಲೇಬೇಕು ಎಂದು ತಿಳಿಸಿ ಹೇಳಿದೆ. ಅವನು ಬಗ್ಗಿ ಬೊಗಸೆ ಒಡ್ಡಿ ನಾಲಿಗೆಗೆ ಹಚ್ಚಿಕೊಂಡ. ಜರಾ ಉಪ್ಪು ಎಂದ. ಕುರಿ ಕುಡಿದಾವೇನು ಎಂದು ಕೇಳಿದ. ಕುಡಿಯುತ್ತವೆ, ಏನೂ ಆಗುವುದಿಲ್ಲ ಎಂದೆ. ಅದನ್ನು ಕೇಳಿದವನು ಬಹಳ ಹೊತ್ತು ಮೋರಿಯನ್ನೇ ನೋಡುತ್ತ ನಿಂತ.

ಆ ನೀರನ್ನು ಮೊದಲೇ ಹಿಡಿದಿಡಬೇಕಿತ್ತೆಂದು ಆಸ್ಪತ್ರೆಯವರಿಗೂ ಅನಿಸಿತೇನೋ, ನಾನು ಕೇಳಿದ ಕೂಡಲೇ ಒಂದು ಕರಿ ಟಾಕಿ ತರಿಸಿಕೊಟ್ಟರು. ಓಣಿಯವರು ಬಟ್ಟೆ ಒಗೆಯಲು, ಪಾತ್ರೆ ತಿಕ್ಕಲು ಅದನ್ನು ಒಯ್ಯುತ್ತಿದ್ದರು. ಕಾಕಾ ಕೂಡ ಒಂದು ಎಣ್ಣೆಯ ಕ್ಯಾನು ತಂದು ತುಂಬಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ಯತೊಡಗಿದ. ಸೂಜಿ ಚುಚ್ಚುವ ಕೈಯಲ್ಲಿ ಭಾರ ಎತ್ತಬಾರದು, ನರ ಒಡೆದರೆ ಜೀವಕ್ಕೇ ಬರುತ್ತದೆ. ಅಕ್ಕ ಬೈದು ಬೈದು ಸಾಕಾದಳು. ಕೊನೆಗೆ ಕ್ಯಾನನ್ನು ಬಸ್‌ಸ್ಟ್ಯಾಂಡಿನವರೆಗೆ ನಾನೇ ಒಯ್ದು ಕೊಡುವುದೆಂದಾಯಿತು. ಆ ಕಡೆ ಇಳಿದ ಮೇಲೆ ಯಾರು ಹೊರುತ್ತಿದ್ದರೋ.

ಬಾವಿಗಳು ತಳ ಮುಟ್ಟಿದಂತೆ ಬರುವ ನೀರು ಗಡಸಾಗುತ್ತ ಹೋಯಿತು. ಮೆಂಬ್ರೇನಿಗೆ ಸುಣ್ಣ ಕಟ್ಟಿ ಪಂಪು ಏದುಸಿರು ಬಿಡುವಂತೆ ಸದ್ದು ಮಾಡುತ್ತಿತ್ತು. ಆಗ ನಿಂಬೆಯ ಹುಳಿಯಂಥ ಪುಡಿಯನ್ನು ನೀರಿಗೆ ಕಲಸಿ ಕೊಳವೆಗಳಲ್ಲಿ ಸುತ್ತಿಸಿ, ನೆನೆಯಲು ಬಿಟ್ಟು, ಮತ್ತೆ ಸುತ್ತಿಸಬೇಕು. ಸುಣ್ಣ ಕರಗಿ ಹಾಲಿನಂಥ ನೀರು ಹೊರಬರುತ್ತದೆ. ಆಮೇಲೆ ಲೋಳೆ ತೆಗೆಯಲು ಕ್ಷಾರದ ನೀರು. ಅದೂ ಮುಗಿದ ಮೇಲೆ, ಹಾಕಿದ ಔಷಧದ ಒಂದು ಹನಿಯೂ ಉಳಿಯದಂತೆ ಬರೀ ನೀರಿನಲ್ಲಿ ತೊಳೆಯುತ್ತ ಕೂರಬೇಕು. ಶುದ್ಧ ಮಾಡುವ ಯಂತ್ರವನ್ನು ಶುದ್ಧ ಮಾಡಲು ಅಷ್ಟು ನೀರು ಬೇಕು. ಊರಿಗೆ ಊರೇ ಕೊಡ ಹಿಡಿದು ನಿಂತಿದ್ದಾಗ ನಾನು ಬಾಗಿಲು ಮುಚ್ಚಿಕೊಂಡು ನೀರು ಸುರಿಯುತ್ತಿದ್ದೆ. ಕೆಲಸ ಅದು, ಮಾಡಲೇಬೇಕು. ಆದರೂ ಆ ನೀರಿನ ಸದ್ದು ಹೊರಗೆ ಕೇಳದಿರಲಿ ಎನಿಸುತ್ತಿತ್ತು.

ಆಸ್ಪತ್ರೆಗೆ ದಿನಾ ಕಮಠಾಣದ ಕಡೆಯ ಒಂದು ಬಾವಿಯಿಂದ ಟ್ಯಾಂಕರು ಬರುತ್ತಿತ್ತು. ಒಂದು ದಿನ ಆ ಬಾವಿ ಬತ್ತಿ, ಬೇರೆ ಎಲ್ಲಿಯದೋ ಟ್ಯಾಂಕರು ಬಂತು. ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದಾಗಲೇ ಬ್ಲೀಚಿಂಗ್ ಪುಡಿಯ ವಾಸನೆ. ರೋಗ ಹಬ್ಬದಿರಲೆಂದು ಯಾರೋ ಕೈ ಬಿಚ್ಚಿ ಹಾಕಿದ್ದರು. ಕುಡಿಯುವವರಿಗೆ ಅದರಿಂದ ಅಂಥ ತೊಂದರೆಯಿಲ್ಲ. ಆದರೆ ಅದು ಡಯಾಲಿಸಿಸ್ ಯಂತ್ರಕ್ಕೆ ಹೋದರೆ ರಕ್ತದ ಕಣಗಳನ್ನೇ ಒಡೆಯುತ್ತದೆ. ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ಇದ್ದಿಲು. ಇದ್ದಿಲಿನ ಟ್ಯಾಂಕು ದಾಟಿ ಬಂದ ನೀರಿಗೆ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿದೆ. ಬಿಳಿಯಾಗೇ ಉಳಿಯಬೇಕಿದ್ದ ಪಟ್ಟಿಗೆ ಬಣ್ಣ ಬಂತು. ಇನ್ನೊಂದು ಅದ್ದಿದೆ. ಅದಕ್ಕೂ ಬಂತು.

ವಾರ್ಡಿನಲ್ಲಿ ಆಗಲೇ ಜನ ಬಂದು ಹಾಸಿಗೆಗಳ ಮೇಲೆ ಕೂತಿದ್ದರು. ಡಾಕ್ಟರಿಗೆ ಹೇಳಿದೆ. ಅವರು ಪಟ್ಟಿ ನೋಡಿ, ಯಾವ ಯಂತ್ರವನ್ನೂ ಶುರು ಮಾಡಬೇಡಿ ಎಂದರು. ಟ್ಯಾಂಕರಿನ ನೀರು ತುಂಬಿದ್ದ ಟಾಕಿ ಖಾಲಿ ಮಾಡಿ, ಹಳೆಯ ಇದ್ದಿಲು ತೋಡಿ ತೆಗೆದು, ಹೊಸದು ತುಂಬಿ, ಅದರ ಕರಿನೀರು ತಿಳಿಯಾಗುವವರೆಗೆ ತೊಳೆಯಬೇಕು. ಅದಕ್ಕೆ ಬೇಕಾದ ಒಳ್ಳೆಯ ನೀರಿನ ಟ್ಯಾಂಕರು ಬಂದದ್ದು ಮಧ್ಯಾಹ್ನಕ್ಕೆ. ಅಷ್ಟರವರೆಗೆ ಪೇಷೆಂಟುಗಳು ಕಾರಿಡಾರಿನಲ್ಲಿ ಗೋಡೆಗೆ ಒರಗಿ ಕೂತಿದ್ದರು.

ಅಕ್ಕನ ಮುಖ ಬಾತಿತ್ತು. ಮಲಗಿದರೆ ಉಸಿರು ಹಿಡಿಯುತ್ತಿತ್ತು, ಅದಕ್ಕೆ ಬೆಂಚಿನ ಮೇಲೆ ಮುಂದಕ್ಕೆ ಬಾಗಿ ಕೂತಿದ್ದಳು. ನಾನು ಇದ್ದಿಲು ಬಳಿದ ಕೈಯಲ್ಲಿ ಹೊರಗೆ ಬಂದವನು ಆಕೆಯ ಮುಂದೆ ನಿಂತೆ. ಹೈದರಾಬಾದಿಗೆ ಗಾಡಿ ಮಾಡಿ ಒಯ್ಯಲೇ ಎಂದು ಕೇಳಿದೆ. ಆಕೆ ತಲೆ ಎತ್ತದೆ, ಉಸಿರಿನ ನಡುನಡುವೆ ಹೇಳಿದಳು.

"ನನ್ನ ಮಾರಿ ನೋಡಿ ಲಗುಲಗು ಮಾಡಬ್ಯಾಡ ತಮ್ಮಾ. ಎಲ್ಲಾರೂ ಕುಂತಾರ. ನೀ ನಿನ್ನ ಕೆಲಸ ಬರೋಬ್ಬರಿ ಮಾಡು. ನಾ ತಡೀತೇನಿ."

ಕಾಕಾ ತಡೆಯಲಿಲ್ಲ. ಹೊತ್ತು ಇಳಿಯುತ್ತ ಬಂದಂತೆ ಕಿಟಕಿಯ ಹತ್ತಿರ ಹೋಗಿ ಬಂದು ಮಾಡುತ್ತಿದ್ದ. ಅವನ ಹಳ್ಳಿಗೆ ಹೋಗುವ ಕೊನೆಯ ಬಸ್ಸು ತಪ್ಪಿದರೆ ಕುರಿಗಳಿಗೆ ನೀರು ಕಾಣಿಸುವವರಿಲ್ಲ ಎಂದ. ನಮ್ಮ ಮನೆಯಲ್ಲಿ ಉಳಿದುಕೋ ಎಂದೆ. ಡಾಕ್ಟರೂ ಹೇಳಿದರು. ಮುಂದಿನ ಸಲ ನೋಡೋಣ ಎಂದು ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ. ಕ್ಯಾನು ತುಂಬಿಕೊಡಲು ಆವತ್ತು ನನಗೆ ಕೈ ಬಿಡುವಿರಲಿಲ್ಲ.

ಸಂಜೆಗೆ ಪಟ್ಟಿ ಬಿಳಿಯಾಗಿ ಬಂತು. ಯಂತ್ರಗಳು ಶುರುವಾದವು. ಮೊದಲು ಅಕ್ಕನನ್ನೇ ಮಲಗಿಸಿದರು. ಆಕೆ ಪಕ್ಕದ ಖಾಲಿ ಹಾಸಿಗೆಯ ಕಡೆ ಮುಖ ಮಾಡಿ ಮಲಗಿದ್ದಳು.

ಮುಂದಿನ ಪಾಳಿಗೆ ಕಾಕಾ ಬರಲಿಲ್ಲ. ಅದರಾಚೆಯ ಪಾಳಿಗೂ ಇಲ್ಲ. ಅವನು ಆಸ್ಪತ್ರೆಯಲ್ಲಿ ಬರೆಸಿದ್ದ ನಂಬರಿಗೆ ಫೋನು ಹತ್ತುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಹೀಗೆ ಬರುವುದು ಬಿಟ್ಟವರು ಅವನೊಬ್ಬನೇ ಅಲ್ಲ. ಮನೆಯವರೆಲ್ಲ ಗುಳೆ ಹೋದ ಮೇಲೆ ಕೈ ಹಿಡಿದು ಕರೆತರುವವರಿಲ್ಲದೆ ಒಬ್ಬೊಬ್ಬರಾಗಿ ಮನೆಯಲ್ಲೇ ಉಳಿದಿದ್ದರು. ವಾರ್ಡಿನಲ್ಲಿ ಹಾಸಿಗೆಗಳು ಖಾಲಿಯಾಗುತ್ತಿದ್ದವು. ಆದರೆ ಅಕ್ಕ ಕಾಕಾನ ಹಾಸಿಗೆಯನ್ನು ಹಾಗೆ ಬಿಡಲು ತಯಾರಿರಲಿಲ್ಲ. ಭಾನುವಾರ ಬೆಳಿಗ್ಗೆ ಆಕೆಯೇ ನನ್ನ ಗಾಡಿಯ ಚಾವಿ ತಂದು ಕೈಗಿಟ್ಟು, ಹೋಗಿ ನೋಡಿಕೊಂಡು ಬಾ ಎಂದಳು.

ಔರಾದ ದಾಟಿದ ಮೇಲೆ ಕರಿಹೊಲಗಳು ಕಾಲು ಇಳಿಯುವಷ್ಟು ಬಿರಿದಿದ್ದವು. ಹಳ್ಳಿಯಲ್ಲಿ ಬಹಳ ಮನೆಗಳ ಬಾಗಿಲಿಗೆ ಕೀಲಿ, ಕೀಲಿಯ ಮುಂದೆ ದನ ನುಗ್ಗದಂತೆ ಜಾಲಿಮುಳ್ಳು. ಕಾಕಾನ ಮನೆ ಒಬ್ಬ ಮುದುಕಿ ತೋರಿಸಿದಳು. ಅವನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಕಾಲುಗಳು ಕಂಬದಂತೆ ಊದಿದ್ದವು. ಹಟ್ಟಿ ಖಾಲಿಯಿತ್ತು. ಮಗ ಬಂದು ಕುರಿಗಳನ್ನೆಲ್ಲ ಬೇರೆ ಹಿಂಡಿನವರಿಗೆ ಒಪ್ಪಿಸಿ, ಅಪ್ಪನನ್ನೂ ಕರೆದನಂತೆ. ಇವನು ಒಲ್ಲೆ ಎಂದಿದ್ದ.

ಗಾಡಿಯ ಮೇಲೆ ಕೂರಿಸಿಕೊಂಡು ಹೋಗುತ್ತೇನೆ, ನಮ್ಮ ಮನೆಯಲ್ಲೇ ಇರುವಿಯಂತೆ, ಅಕ್ಕ ಕಾಯುತ್ತಿದ್ದಾಳೆ ಎಂದು ನಾನು ಒಂದೇ ಸಮನೆ ಹೇಳಿದೆ. ಅವನು ಎಲ್ಲಾ ಕೇಳಿಸಿಕೊಂಡ. ಆಮೇಲೆ ನಿಧಾನವಾಗಿ ಹೇಳಿದ.

"ನಿನ್ನ ಮ್ಯಾಲ ಸಿಟ್ಟಿಲ್ಲಪ್ಪಾ. ಆವತ್ತು ನೀ ಬಂದ್ ಮಾಡಿದ್ದು ಖರೇನೇ ಅದ. ಆದ್ರ ನಾ ಆ ಮೋರಿ ನೋಡೀನಿ. ನಾ ಒಬ್ಬಾವ ಒಮ್ಮಿ ಮಲ್ಗಿ ಏಳೂದ್ರಾಗ ನನ್ನ ಪೂರಾ ಹಿಂಡು ಕುಡಿಯೂ ಅಷ್ಟು ನೀರು ಹೋಗ್ತಾವ. ಕುರಿ ಬಾಯಿ ತಕ್ಕೊಂಡು ನಿಂತಾಗ ಅದೇ ಕಣ್ಣಿಗಿ ಬರ್ತದ. ಸಾಕಾಯ್ತು ನನಗ."

ಹಾಗಲ್ಲ ಕಾಕಾ, ಆ ನೀರು ನಿನಗೆ ಬಾರದಿದ್ದರೆ ಕುರಿಗೇನೂ ಹೋಗುವುದಿಲ್ಲ ಎಂದೆ. ಅದು ತನಗೂ ಗೊತ್ತು ಎಂದ. ಗೊತ್ತಿದ್ದ ಮನುಷ್ಯನಿಗೆ ಇನ್ನೇನು ಹೇಳುವುದು. ಹೊರಡುವಾಗ ಅಕ್ಕನಿಗೆ ಒಂದು ಮಾತು ಹೇಳಿ ಕಳಿಸಿದ. "ತಂಗೆವ್ವಗ ಹೇಳು, ಆಕಿ ಬಿಡಬಾರದು ಅಂತ. ಆಕಿ ಸಣ್ಣಾಕಿ ಅದಾಳ."

ನನಗೆ ಸುಳ್ಳು ಹೇಳಲು ಆಗಲಿಲ್ಲ. ಮನೆಗೆ ಬಂದು ಕಂಡದ್ದನ್ನು, ಕೇಳಿದ್ದನ್ನು ಅಕ್ಕನಿಗೆ ಹೇಳಿದೆ. ಆಕೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಹೊಲಿಯುತ್ತಿರಲಿಲ್ಲ. ಕೈ ಗಾಲಿಯ ಮೇಲಿತ್ತು. ತನ್ನ ಸಲುವಾಗಿಯೂ ಅಷ್ಟೇ ನೀರು ಹೋಗುತ್ತದಲ್ಲವೇ ಎಂದು ಕೇಳಿದಳು. ಅದರ ಚಿಂತೆ ನನ್ನದು, ನಿನ್ನದಲ್ಲ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

"ನಾ ಬಿಡೂದಿಲ್ಲೋ," ಎಂದಳು. "ಕಾಕಾನಂಗ ನನಗ ಆಗೂದಿಲ್ಲ. ನನಗ ಬದುಕಬೇಕು ಅನಸ್ತದ. ಅದನ್ನ ಹೇಳ್ಲಾಕ ನಾಚಿಕಿ ಬರ್ತದ ನೋಡು ತಮ್ಮಾ."

ಅಷ್ಟು ವರ್ಷದಲ್ಲಿ ಅಕ್ಕ ಅತ್ತದ್ದನ್ನು ನಾನು ಅದೊಂದೇ ಸಲ ಕಂಡದ್ದು. ನನ್ನ ಹೆಂಡತಿ ಒಳಗಿನಿಂದ ಬಂದು ಆಕೆಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ನಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ.

ಕಾಕಾ ತೀರಿಕೊಂಡ ಸುದ್ದಿಯನ್ನು ಔರಾದ ಬಸ್ಸಿನ ಕಂಡಕ್ಟರು ಹೇಳಿ ಕಳಿಸಿದ. ಅವನಿಗೆ ಕ್ಯಾನಿನ ಮುದುಕ ಎಂದೇ ಗುರುತು. ಅಕ್ಕನಿಗೆ ತಿಳಿಸಿದೆ. ಆ ಹಾಸಿಗೆಗೆ ಯಾರನ್ನು ಹಾಕಿದರೂ ಮಾತಾಡಿಸುತ್ತಿದ್ದಳು, ಆದರೆ ಮೊದಲಿನ ಹಾಗೆ ಮನೆಗೆ ಬಂದು ಅವರ ಸುದ್ದಿ ಹೇಳುವುದನ್ನು ಬಿಟ್ಟಳು.

ಮರುವರ್ಷ ಮಳೆ ಬಂತು. ಬಿಟ್ಟೂಬಿಡದೆ ಬಂತು. ಮಾಂಜ್ರಾ ಹೊಳೆ ತುಂಬಿ ಹರಿಯುವುದನ್ನು ನೋಡಲು ಜನ ಸೇತುವೆಯ ಮೇಲೆ ಗಾಡಿ ನಿಲ್ಲಿಸುತ್ತಿದ್ದರು. ಪಂಪಿನ ಸದ್ದು ಹಗುರವಾಯಿತು, ಮೆಂಬ್ರೇನು ತೊಳೆಯುವ ಪಾಳಿ ದೂರದೂರವಾಯಿತು. ಬೇಳೆ ಮಿಲ್ಲು ಮತ್ತೆ ಶುರುವಾಗುತ್ತದಂತೆ, ದೀಪಾವಳಿಗೆ ಬಂದುಬಿಡುತ್ತೇನೆ ಎಂದು ಮಾಮಾ ಫೋನು ಮಾಡಿದ್ದ. ಅಕ್ಕ ಭಾಲ್ಕಿಯಲ್ಲಿ ಮತ್ತೆ ಬಾಡಿಗೆ ಮನೆ ಹಿಡಿಯುವ ಮಾತಾಡತೊಡಗಿದ್ದಳು. ಅಂಥ ಒಂದು ಮಳೆಯ ಬೆಳಿಗ್ಗೆ, ನನ್ನ ಹೆಂಡತಿ ಹಿಂದೆ ಕೂತು ಅಕ್ಕನ ತಲೆ ಬಾಚುತ್ತಿದ್ದಾಗ, ಆಕೆ ಮುಂದಕ್ಕೆ ವಾಲಿದಳು. ನಿದ್ದೆ ಬಂತೇನೋ ಎಂದುಕೊಂಡಳಂತೆ ನನ್ನ ಹೆಂಡತಿ. ನಾನು ಆಗ ಆಸ್ಪತ್ರೆಯಲ್ಲಿ ಆಕೆಯ ಪಾಳಿಗಾಗಿಯೇ ನೀರು ಪರೀಕ್ಷಿಸುತ್ತಿದ್ದೆ. ಹೃದಯ ನಿಂತಿತು, ಕಿಡ್ನಿ ಹೋದವರಿಗೆ ಹೀಗೆ ಆಗುವುದುಂಟು ಎಂದರು ಡಾಕ್ಟರು. ನೀರಿನದೇನೂ ಇಲ್ಲ ಎಂದೂ, ನಾನು ಕೇಳದೆಯೇ, ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು.

ಭಾಲ್ಕಿಗೆ ಒಯ್ದೆವು. ನಮ್ಮ ಬೌದ್ಧರ ಪದ್ಧತಿಯಂತೆ ಬುದ್ಧನ ಫೋಟೊದ ಮುಂದೆ ಮೇಣಬತ್ತಿ ಹಚ್ಚಿ, ಬುದ್ಧಂ ಶರಣಂ ಎಂದು ತ್ರಿಶರಣ ಹೇಳಿ ಮಣ್ಣು ಮಾಡಿದೆವು. ಮಾಮಾ ಸಿಮೆಂಟು ಹತ್ತಿದ ಅಂಗಿಯಲ್ಲೇ ಬಂದಿದ್ದ. ಮಣ್ಣು ಹಸಿಯಾಗಿತ್ತು. ತೋಡುವವರಿಗೆ ಕಷ್ಟವಾಗಲಿಲ್ಲ.

ಮೆಂಬ್ರೇನು ಬಹಳ ದಿನ ಸುಮ್ಮನೆ ನಿಲ್ಲುವಂತಿಲ್ಲ, ನಿಂತರೆ ಒಳಗೆ ಲೋಳೆ ಕಟ್ಟುತ್ತದೆ. ಉಳಿದವರ ಪಾಳಿಗಳೂ ಇದ್ದವು. ಅದಕ್ಕೆ ಬೇಗನೇ ಕೆಲಸಕ್ಕೆ ಮರಳಿದೆ. ಮಾಮಾ ಹೈದರಾಬಾದಿನ ಲೆಕ್ಕ ಮುಗಿಸಿ ಬರಲು ಹೋಗುವವನು, ನಡುವೆ ಬೀದರಿನಲ್ಲಿಳಿದು ಆಸ್ಪತ್ರೆಗೆ ಬಂದ. ಆ ಕೋಣೆ ನೋಡಬೇಕು ಎಂದ. ಎಷ್ಟೋ ದಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದರೂ ಅವನು ಒಳಗೆ ಬಂದಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದ. ನಾನು ಟ್ಯಾಂಕುಗಳ ವಿಷಯ ಹೇಳಲು ಹೋದೆ, ಅವನಿಗೆ ಎಲ್ಲಾ ಗೊತ್ತಿತ್ತು. ಮರಳು, ಇದ್ದಿಲು, ಉಪ್ಪು, ಎಂದು ಅವನೇ ಒಂದೊಂದನ್ನೂ ತೋರಿಸಿದ. ಆಮೇಲೆ ಕೇಳಿದ.

"ಆಕಿಗಿ ಹೋಗೂ ಪೈಪು ಯಾವುದು?"

ಒಬ್ಬೊಬ್ಬರಿಗೆ ಒಂದೊಂದು ಪೈಪು ಇರುವುದಿಲ್ಲ, ಒಂದೇ ಪೈಪು ಎಲ್ಲಾ ಹಾಸಿಗೆಗಳನ್ನೂ ಸುತ್ತಿ ತಿರುಗಿ ಇಲ್ಲಿಗೇ ಬರುತ್ತದೆ ಎಂದೆ. ಗೋಡೆಯ ಮೇಲೆ ಅದು ವಾರ್ಡಿನೊಳಗೆ ಹೋಗುವ ಜಾಗ ತೋರಿಸಿದೆ. ಮಾಮಾ ಅಂಗೈಯನ್ನು ಅದರ ಮೇಲಿಟ್ಟ. ಒಳಗೆ ನೀರು ಓಡುವುದು ಕೈಗೆ ತಿಳಿಯುತ್ತದೆ. ಅವನು ಕಣ್ಣು ಮುಚ್ಚಿಕೊಂಡು ಹಾಗೇ ನಿಂತ. ನಾನು ಅವನನ್ನು ಅಲ್ಲೇ ಬಿಟ್ಟು ಹೊರಗೆ ಬಂದು, ನರ್ಸಮ್ಮನಿಗೆ ಇನ್ನೊಂದಿಷ್ಟು ಹೊತ್ತು ಒಳಗೆ ಯಾರನ್ನೂ ಕಳಿಸಬೇಡಿರಿ ಎಂದು ಹೇಳಿದೆ.